ಚೋಮನ ಮಕ್ಕಳು ಪುಸ್ತಕ ಓದಿದರೆ

"ಸಾಹಿತ್ಯವನ್ನು ಸಾಹಿತ್ಯವಾಗಿ ಓದಿ, ಅದರಲ್ಲಿ ಜಾತಿ ಹುಡುಕಬೇಡಿ" ಎಂಬ ಉಪದೇಶ ನಮಗೆಲ್ಲ ಕ್ಲಾಸಿನಲ್ಲಿ ಆಗಾಗ ಸಿಗುತ್ತದೆ. ಹೇಳುವ ಮೇಷ್ಟ್ರು ಕೆಟ್ಟವರೇನಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ನಾವು ಹುಡುಕಲು ಹೋಗಬೇಕಾಗಿಯೇ ಇಲ್ಲವಲ್ಲ ಸ್ವಾಮಿ! ಪುಸ್ತಕ ತೆಗೆದರೆ ಅದೇ ಎದುರಿಗೆ ಬಂದು ನಿಲ್ಲುತ್ತದೆ. ಕಥೆಯಲ್ಲಿ ಊರಿದೆ. ಊರಿಗೊಂದು ಕೇರಿ ಇದೆ. ಕೇರಿಯಲ್ಲಿ ನಮ್ಮಪ್ಪ ಇದ್ದಾನೆ, ನಮ್ಮವ್ವ ಇದ್ದಾಳೆ, ನಮ್ಮ ಅಕ್ಕ ನೀರಿಗೆ ಹೋಗ್ತಾ ಇದ್ದಾಳೆ. ಅವರನ್ನು ಕಂಡೂ ಕಾಣದವರಂತೆ ಭಾಷೆ, ಶೈಲಿ, ಸಂಕೇತ ಎಂದು ಮುಂದೆ ಹೋಗಬೇಕೇ? ಅದು ನಮ್ಮಿಂದ ಆಗುವುದಿಲ್ಲ.

ಕೆಲವು ತಿಂಗಳಿಂದ ನಾವು ಕೆಲವರು ಸೇರಿ ಒಂದಷ್ಟು ಪುಸ್ತಕ ಓದಿದೆವು. ಒಂದೇ ಪ್ರತಿ, ಏಳೆಂಟು ಜನ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಆಮೇಲೆ ಜಗಳ. ಕಾದಂಬರಿ, ಆತ್ಮಕಥೆ, ಪದ್ಯ, ಕೊನೆಗೆ ಬಾಬಾಸಾಹೇಬರ ಒಂದು ಭಾಷಣ. ಓದುವಾಗ ನಮಗೆ ಏನನ್ನಿಸಿತು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಇದು ವಿಮರ್ಶೆಯಲ್ಲ ಎಂದು ಯಾರಾದರೂ ಅಂದರೆ ಅನ್ನಲಿ. ವಿಮರ್ಶೆ ಎಂಬ ದೊಡ್ಡ ಹೆಸರು ನಮಗೆ ಬೇಕಾಗಿಲ್ಲ. ಓದಿದವನಿಗೆ ಅನಿಸಿದ್ದನ್ನು ಹೇಳುವ ಹಕ್ಕು ಬೇಕು.

ಆ ಹಕ್ಕಿಗೂ ನಾವು ಬೆಲೆ ಕೊಟ್ಟಿದ್ದೇವೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಮಾತಾಡುತ್ತಾ 'ಬೂಸಾ' ಎಂಬ ಒಂದು ಮಾತು ಆಡಿದರು. ಅಷ್ಟಕ್ಕೇ ರಾಜ್ಯ ಹೊತ್ತಿಕೊಂಡಿತು. ಹಾಸ್ಟೆಲಿನಲ್ಲಿದ್ದ ನಮ್ಮ ಹುಡುಗರಿಗೆ ಹೊಡೆತ ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಒಬ್ಬ ದಲಿತ ಓದುಗ ತನಗೆ ಅನಿಸಿದ್ದನ್ನು ಬಾಯಿಬಿಟ್ಟು ಹೇಳಿದರೆ ಇಷ್ಟು ಆಗುತ್ತದೆ! ಪುಸ್ತಕದ ಬಗೆಗಿನ ಅಭಿಪ್ರಾಯಕ್ಕೆ ಹಾಸ್ಟೆಲಿನ ಹುಡುಗರು ಏಟು ತಿಂದ ನಾಡು ನಮ್ಮದು. ಇದನ್ನು ಮರೆತು ಕನ್ನಡ ಪುಸ್ತಕ ಕೈಗೆತ್ತಿಕೊಳ್ಳುವುದು ನಮಗೆ ಸಾಧ್ಯವಿಲ್ಲ.

ಹಾಗೆಂದು ಎಲ್ಲವೂ ಬೂಸಾ, ಎಲ್ಲಕ್ಕೂ ಬೆಂಕಿ ಹಾಕಿ ಎನ್ನುವ ಗೆಳೆಯರ ಮಾತನ್ನೂ ನಾವು ಒಪ್ಪುವುದಿಲ್ಲ. ಓದದೆ ಸುಡುವುದು ಸೋಮಾರಿ ಕೆಲಸ. ಬೂಸಾ ಯಾವುದು, ಕಾಳು ಯಾವುದು ಎಂದು ಕೇರುವುದು ನಮ್ಮ ಅವ್ವಂದಿರಿಗೆ ಚೆನ್ನಾಗಿ ಗೊತ್ತು. ಆ ಮೊರ ನಮ್ಮ ಕೈಗೂ ಬರಲಿ ಎನ್ನುವುದಷ್ಟೇ ನಮ್ಮ ಮಾತು.

ಚೋಮ ಸತ್ತ, ಗುರುವ ಎಲ್ಲಿ?

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಕೇರಿಯವನೊಬ್ಬನನ್ನು ಕಥೆಯ ನಟ್ಟನಡುವೆ ನಿಲ್ಲಿಸಿ, ಇವನಿಗೆ ಭೂಮಿ ಯಾಕಿಲ್ಲ ಎಂದು ಆ ಕಾಲಕ್ಕೇ ಕೇಳಿದ ಪುಸ್ತಕ. ಅದರ ದೊಡ್ಡತನವನ್ನು ನಾವು ಅಲ್ಲಗಳೆಯುವುದಿಲ್ಲ. ಹೊಳೆಯಲ್ಲಿ ಚೋಮನ ಮಗ ಮುಳುಗುವಾಗ ದಡದಲ್ಲಿದ್ದ ಮೇಲ್ಜಾತಿಯವರು ಮೈಲಿಗೆಗೆ ಹೆದರಿ ಕೈ ಚಾಚುವುದಿಲ್ಲ. ಆ ಪುಟ ಬಂದಾಗ ಓದುತ್ತಿದ್ದವನ ದನಿ ನಿಂತಿತು. ಮುಂದಿನದನ್ನು ಇನ್ನೊಬ್ಬ ಓದಬೇಕಾಯಿತು.

ಆದರೆ ಪರೀಕ್ಷೆಯಲ್ಲಿ ಕೇಳುವುದೇನು? 'ಚೋಮನ ದುರಂತವನ್ನು ವಿವರಿಸಿ.' ಗೈಡಿನಲ್ಲಿ ಉತ್ತರ ತಯಾರಾಗಿದೆ. ಚೋಮ ಮುಗ್ಧ, ಚೋಮ ಅಸಹಾಯಕ, ವಿಧಿಯ ಕೈಗೊಂಬೆ. ಅಯ್ಯೋ ಪಾಪ ಎಂದು ಬರೆದರೆ ಹತ್ತು ಅಂಕ. ಚೋಮನ ಮೊಮ್ಮಕ್ಕಳೇ ಕುಳಿತು ತಮ್ಮ ತಾತ ಅಸಹಾಯಕ, ವಿಧಿಯ ಕೈಗೊಂಬೆ ಎಂದು ಬರೆದು ಅಂಕ ತಗೊಳ್ಳಬೇಕು. ಇದೆಂಥಾ ಓದು?

ಚೋಮನಿಗೆ ಉಳುವುದು ಗೊತ್ತು. ಅವನ ಹತ್ತಿರ ಎತ್ತುಗಳಿವೆ. ಮಕ್ಕಳಿದ್ದಾರೆ. ಇಲ್ಲದಿದ್ದದ್ದು ಭೂಮಿಯ ಹಕ್ಕು ಒಂದೇ. ಅದು ವಿಧಿ ಬರೆದದ್ದಲ್ಲ, ಮನುಷ್ಯರು ಕಾಗದದ ಮೇಲೆ ಬರೆದದ್ದು. ಹಾಗಾದರೆ ಕಾಗದವನ್ನೇ ನೋಡೋಣ. ಚೋಮ 1974ರ ತನಕ ಬದುಕಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತೇ? ಆ ವರ್ಷ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು. ಚೋಮ ಗೇಣಿದಾರನಲ್ಲ, ಮೂಲದಾಳು. ಧಣಿಯ ಸಾಲಕ್ಕೆ ಕಟ್ಟುಬಿದ್ದ ಆಳು. ಅವನ ಹೆಸರು ಬರೆಯಲು ಆ ಫಾರಮ್ಮಿನಲ್ಲಿ ಜಾಗವೇ ಇರಲಿಲ್ಲ. 'ಉಳುವವನೇ ಭೂಮಿಯ ಒಡೆಯ' ಎಂದರು. ಕೂಲಿಗೆ ಉಳುವವನು ಒಡೆಯನಾಗಲಿಲ್ಲ.

ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಸರ್ಕಾರ ನಮಗೆ ಮಂಜೂರು ಮಾಡಿದ ತುಂಡು ಭೂಮಿ ಕಂಡವರ ಪಾಲಾಗದಂತೆ ತಡೆಯುವ ಕಾಯ್ದೆ 1978ರಲ್ಲಿ ಬಂತು. ಆ ಭೂಮಿ ವಾಪಸು ಕೇಳುವ ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆಸಿಕೊಳ್ಳಲು 2023ರ ತನಕ ಬೀದಿಯಲ್ಲಿ ಕೂರಬೇಕಾಯಿತು. ಈ ನಡುವೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತುಹಾಕಿ, ಬೇಸಾಯ ಗೊತ್ತಿಲ್ಲದ ದುಡ್ಡಿನವರೂ ಹೊಲ ಕೊಳ್ಳಬಹುದು ಎಂದು ಮಾಡಿದರು. ಚೋಮನ ಕಥೆ 1933ಕ್ಕೆ ಮುಗಿದಿಲ್ಲ ಗೆಳೆಯರೇ. ಕಾದಂಬರಿಯ ಪಕ್ಕದಲ್ಲಿ ಈ ಕಾಯ್ದೆಗಳನ್ನಿಟ್ಟು ಓದಿ. ಆಗ ಕಣ್ಣೀರಿಗಿಂತ ಮೊದಲು ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆ ಲೆಕ್ಕ ಬರುತ್ತದೆ.

ಇನ್ನೊಂದು ಮಾತು. ಚೋಮನ ಮಗ ಗುರುವ ಅಪ್ಪನ ಸಾಲ ತೀರಿಸಲು ಅಣ್ಣನ ಜೊತೆ ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾನೆ. ಅಲ್ಲಿ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು, ಅವಳ ಮತಕ್ಕೆ ಸೇರಿ, ಅಲ್ಲೇ ಉಳಿಯುತ್ತಾನೆ. ಅಪ್ಪನಿಗೆ ಅವನು ಕೈಬಿಟ್ಟು ಹೋದ ಮಗ. ಕಾದಂಬರಿಯೂ ಅವನ ಬೆನ್ನು ಹತ್ತಿ ಹೋಗುವುದಿಲ್ಲ. ನಮ್ಮ ಜಗಳವೆಲ್ಲ ನಡೆದದ್ದು ಈ ಗುರುವನ ಮೇಲೆ. ಒಬ್ಬ ಅಂದ: "ಅವನು ಓಡಿಹೋದ, ಅಪ್ಪನಿಗೆ ಮೋಸ ಮಾಡಿದ." ಇನ್ನೊಬ್ಬ ಅಂದ: "ಹಂಗಾದ್ರೆ ನಾವು ಮಾಡಿದ್ದೇನು? ನಾವೂ ಊರು ಬಿಟ್ಟು ಬಂದವರೇ ಅಲ್ವೇ?" ಗುರುವನಿಗೆ ಮಕ್ಕಳಾದವೇ? ಅವು ಇಸ್ಕೂಲಿಗೆ ಹೋದವೇ? ಅಲ್ಲಿ ಅವರನ್ನು ಯಾವ ಬೆಂಚಿನಲ್ಲಿ ಕೂರಿಸಿದರು? ಸಾಯುವ ದಲಿತನಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಸಾಯದೆ ಬದುಕಿದವನ ಕಥೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಹಾಸ್ಟೆಲಿನಲ್ಲಿರುವ ನಾವೆಲ್ಲ ಗುರುವನ ಕಡೆಯವರು. ಅವನ ಕಥೆಯನ್ನು ನಾವೇ ಬರೆಯಬೇಕು.

ಒಂದು ಹೆಣಕ್ಕೆ ಇಡೀ ಕಾದಂಬರಿ

ಆಮೇಲೆ ಅನಂತಮೂರ್ತಿಯವರ 'ಸಂಸ್ಕಾರ' ಓದಿದೆವು. 1965ರ ಪುಸ್ತಕ. ಬ್ರಾಹ್ಮಣ್ಯವನ್ನು ಒಳಗಿನಿಂದಲೇ ಬಗೆದು ತೋರಿಸಿದ ಕಾದಂಬರಿ ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳಲಿ, ಅದು ನಿಜವೂ ಹೌದು. ನಾರಣಪ್ಪ ಸತ್ತು ಬಿದ್ದಿದ್ದಾನೆ. ಅವನ ಸಂಸ್ಕಾರ ಯಾರು ಮಾಡಬೇಕು ಎಂದು ಅಗ್ರಹಾರ ಊಟ ಬಿಟ್ಟು ಕುಳಿತಿದೆ. ಪ್ರಾಣೇಶಾಚಾರ್ಯರು ಓಲೆಗರಿ ತಿರುವುತ್ತಾರೆ, ಮಾರುತಿಯ ಗುಡಿಗೆ ಹೋಗಿ ಕೂರುತ್ತಾರೆ.

ಅದೇ ಹೊತ್ತಿಗೆ ಕೇರಿಯಲ್ಲೂ ಜನ ಸಾಯುತ್ತಿದ್ದಾರೆ. ಬೆಳ್ಳಿಯ ಅಪ್ಪ ಅವ್ವ ಸಾಯುತ್ತಾರೆ. ಹೆಣ ಒಳಗಿದ್ದ ಹಾಗೆಯೇ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಅಲ್ಲಿಗೆ ಮುಗಿಯಿತು. ಅಗ್ರಹಾರದ ಒಂದು ಹೆಣಕ್ಕೆ ಇಡೀ ಕಾದಂಬರಿ, ಕೇರಿಯ ಎರಡು ಹೆಣಕ್ಕೆ ನಾಲ್ಕಾರು ಸಾಲು. ಕೊನೆಗೆ ನಾರಣಪ್ಪನ ಹೆಣ ಸುಟ್ಟವರಾದರೂ ಯಾರು? ಮೀನಿನ ವ್ಯಾಪಾರದ ಅಹ್ಮದ್ ಬ್ಯಾರಿ ಮತ್ತು ಚಂದ್ರಿ. ರಾತ್ರೋರಾತ್ರಿ, ಒಂದು ಮಂತ್ರವೂ ಇಲ್ಲದೆ ಕೆಲಸ ಮುಗಿಸುತ್ತಾರೆ. ಯೋಚನೆ ಮಾಡುವುದು ಒಳಗಿನವರ ಪಾಲು, ಕೆಲಸ ಮಾಡುವುದು ಹೊರಗಿನವರ ಪಾಲು! ಇದನ್ನು ಕಾದಂಬರಿಯೇ ನಮಗೆ ತೋರಿಸಿಕೊಡುತ್ತದೆ. ಅದಕ್ಕೆ ನಾವು ಕೃತಜ್ಞರು. ಆದರೆ ಕ್ಲಾಸಿನಲ್ಲಿ ಪ್ರಾಣೇಶಾಚಾರ್ಯರ ದ್ವಂದ್ವದ ಮೇಲೆ ಒಂದು ವಾರ ಪಾಠ ಆಗುತ್ತದೆ, ಬ್ಯಾರಿಯ ಗಾಡಿಯ ಮೇಲೆ ಒಂದು ನಿಮಿಷ ಆಗುವುದಿಲ್ಲ. ಪ್ಲೇಗು ಒಂದು ಸಂಕೇತ ಅಂತ ನೋಟ್ಸ್ ಬರೆಸ್ತಾರೆ. ಕೇರಿಯವರಿಗೆ ಪ್ಲೇಗು ಸಂಕೇತವಲ್ಲ ಸಾರ್, ಪ್ಲೇಗೇ.

ಇನ್ನು ಈ ಹೆಸರು ನೋಡಿ. ಚೋಮನ ಮಗಳು ಬೆಳ್ಳಿ. 32 ವರ್ಷ ಕಳೆದು ಬಂದ 'ಸಂಸ್ಕಾರ'ದಲ್ಲೂ ಕೇರಿಯ ಹುಡುಗಿಯ ಹೆಸರು ಬೆಳ್ಳಿಯೇ. ಒಬ್ಬಳ ಮೇಲೆ ತೋಟದವರ ಕಣ್ಣು, ಇನ್ನೊಬ್ಬಳ ಮೇಲೆ ಅಗ್ರಹಾರದ ಶ್ರೀಪತಿಯ ಕಣ್ಣು. ಕರಾವಳಿಯಿಂದ ಮಲೆನಾಡಿಗೆ ಬಂದರೂ ಬೆಳ್ಳಿಯ ಪಾಡು ಬದಲಾಗಲಿಲ್ಲ. "ಅದು ಅಗ್ರಹಾರದ ಕಥೆಯಪ್ಪಾ, ಬೆಳ್ಳಿಯ ಬಗ್ಗೆ ಯಾಕೆ ಬರೀಬೇಕು?" ಎಂದು ಕೇಳುವವರಿದ್ದಾರೆ. ಸರಿ, ಬರೆಯಬೇಡಿ. ಆದರೆ ಅವಳನ್ನು ಹೊಳೆಯ ದಂಡೆಗೆ ಕರೆಸಿಕೊಂಡವರು ಯಾರು? ಕಥೆಗೆ ಅವಳ ಮೈ ಬೇಕು, ಮಾತು ಬೇಡವೇ? ಬೆಳ್ಳಿಗೆ ಶ್ರೀಪತಿಯ ಬಗ್ಗೆ ಏನನ್ನಿಸಿತು? ಅಪ್ಪ ಅವ್ವ ಉರಿದ ರಾತ್ರಿ ಅವಳು ಎಲ್ಲಿ ಮಲಗಿದಳು? ಈ ಪ್ರಶ್ನೆ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಓದುವವರಿಗೆ ಮೊದಲು ಹೊಳೆಯುತ್ತದೆ. ವಿಮರ್ಶೆಯ ದಪ್ಪ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ನಗುವ ಪುಸ್ತಕ, ತಿನ್ನುವ ಪುಸ್ತಕ

ಇದಾದ ಮೇಲೆ ನಮ್ಮವರು ಬರೆದದ್ದನ್ನು ತೆಗೆದೆವು. ಸಿದ್ಧಲಿಂಗಯ್ಯನವರ 'ಊರುಕೇರಿ' 1996ರಲ್ಲಿ ಬಂತು. ಅದರ ಮೊದಲಿಗೇ ಎತ್ತಿನ ಬದಲು ಇಬ್ಬರು ಮನುಷ್ಯರಿಗೆ ನೊಗ ಹೂಡಿ ಉಳುವ ನೋಟ ಬರುತ್ತದೆ. ಅವರಲ್ಲಿ ಒಬ್ಬ ಹುಡುಗನ ಅಪ್ಪ. ಚೋಮನಿಗೆ ಎತ್ತುಗಳಿದ್ದವು, ಉಳಲು ಭೂಮಿ ಇರಲಿಲ್ಲ. ಇಲ್ಲಿ ಉಳುವುದಿದೆ, ಎತ್ತಿನ ಜಾಗದಲ್ಲಿ ಅಪ್ಪನೇ ಇದ್ದಾನೆ! ಎರಡನ್ನೂ ಒಟ್ಟಿಗೆ ಓದಿದಾಗ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆದರೆ ಕವಿ ಅಲ್ಲಿ ಕೂತು ಗೋಳಾಡುವುದಿಲ್ಲ. ಮುಂದೆ ಮುಂದೆ ಹೋದಂತೆ ಪುಸ್ತಕ ನಗಿಸುತ್ತದೆ. ಹಸಿವನ್ನೂ ಅವಮಾನವನ್ನೂ ಹೇಳುತ್ತಲೇ ನಗಿಸುತ್ತದೆ. "ನಮ್ಮ ಕಷ್ಟದ ಬಗ್ಗೆ ನಗಬಹುದೇ?" ಎಂದು ಒಬ್ಬ ಸಿಟ್ಟಾದ. ನಾವು ಹೇಳುತ್ತೇವೆ: ನಗಬಹುದು. ಕೇರಿಯಲ್ಲಿ ರಾತ್ರಿ ಕೂತು ನಮ್ಮ ಹಿರಿಯರು ಗೌಡನ ನಡಿಗೆ, ಶಾನುಭೋಗನ ಮಾತು ಅಣಕಿಸಿ ನಗುವುದನ್ನು ನಾವೆಲ್ಲ ಕಂಡಿದ್ದೇವೆ. ಆ ನಗು ಹೊರಗಿನವರ ಕಾದಂಬರಿಗೆ ಕೇಳಿಸುವುದಿಲ್ಲ. ಅವರ ಕಾದಂಬರಿಯ ದಲಿತ ಅಳುತ್ತಾನೆ, ಇಲ್ಲವೇ ಸುಮ್ಮನಿರುತ್ತಾನೆ.

ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಸಾಕವ್ವ ತನ್ನ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ರಾತ್ರಿಯಿಡೀ ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುತ್ತಾರೆ. ಕದ್ದ ಕಡಲೆಕಾಯಿ. ಬೆಳಗ್ಗೆ ಪೊಲೀಸರು ಬರುತ್ತಾರೆ. ಕಥೆ ಇಷ್ಟೇ ಎನ್ನಬಹುದು. ಆದರೆ ಹೊಟ್ಟೆ ತುಂಬ ತಿನ್ನುವ ದಲಿತ ಕುಟುಂಬವನ್ನು ಕನ್ನಡ ಕಥೆಯಲ್ಲಿ ಎಲ್ಲಿ ನೋಡಿದ್ದೀರಿ ಹೇಳಿ? ಕದ್ದದ್ದು ತಪ್ಪಲ್ಲವೇ ಎಂದು ನಮ್ಮಲ್ಲೇ ಒಬ್ಬ ಕೇಳಿದ. ಆ ಪ್ರಶ್ನೆ ಪೊಲೀಸರು ಕೇಳುವ ಪ್ರಶ್ನೆ. ಆ ಕಡಲೆಕಾಯಿ ಬಿತ್ತಿದ್ದು, ಕಿತ್ತದ್ದು, ಹೊತ್ತದ್ದು ಎಂಥವರ ಕೈ ಎಂದು ಕೇಳುವುದು ನಮ್ಮ ಪ್ರಶ್ನೆ.

ಅವರದೇ 'ಕುಸುಮಬಾಲೆ' ಕಷ್ಟ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಂದರೂ, ಅದು ಕನ್ನಡವೇ ಅಲ್ಲ, ತಿಳಿಯುವುದೇ ಇಲ್ಲ ಎಂಬ ದೂರು ನಿಂತಿಲ್ಲ. ನಮ್ಮಲ್ಲಿ ಕಲಬುರಗಿ, ರಾಯಚೂರು ಕಡೆಯವರಿಗೂ ನಂಜನಗೂಡು ಸೀಮೆಯ ಆ ಮಾತು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಆ ಸೀಮೆಯ ಗೆಳೆಯನೊಬ್ಬ ಗಟ್ಟಿಯಾಗಿ ಓದಿದ ಮೇಲೆ ತಾನೇ ಬಿಚ್ಚಿಕೊಂಡಿತು. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸಲೀಸು. ಸಾವಿರ ವರ್ಷದ ಹಿಂದಿನ ಪಂಪನನ್ನು ಅರ್ಥಕೋಶ ಇಟ್ಟುಕೊಂಡು ಓದುತ್ತೀರಿ, ಅದು ಪಾಂಡಿತ್ಯ. ನಮ್ಮಜ್ಜಿಯ ಮಾತು ಎರಡು ಸಲ ಕೇಳಬೇಕಾದರೆ ಅದು ಕಷ್ಟ! ಇದು ಭಾಷೆಯ ಕಷ್ಟವಲ್ಲ, ಅಜ್ಜಿಯ ಎದುರು ಕೂರುವ ಕಷ್ಟ.

ಆ ಕಾದಂಬರಿಯಲ್ಲಿ ಓದಿದ ದಲಿತ ಹುಡುಗ ಚೆನ್ನ ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ್ದಕ್ಕೆ ಕೊಲೆಯಾಗುತ್ತಾನೆ. ಊರಿನಲ್ಲಿ ಮಾತ್ರ ಅವನು ಬೊಂಬಾಯಿಗೆ ಹೋದ ಎಂಬ ಸುದ್ದಿ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಹಾಗಾದರೆ ಸುಟ್ಟವರು ಯಾರು? ಅವರೂ ಬೊಂಬಾಯಿಗೆ ಹೋದರೇ? 'ಕುಸುಮಬಾಲೆ'ಯಲ್ಲಿ ಮನುಷ್ಯರು ಬಾಯಿ ಬಿಡದಾಗ ದೀಪದ ಜೋತಮ್ಮಂದಿರು ಮಾತಾಡುತ್ತಾರೆ, ಮಂಚ ಮಾತಾಡುತ್ತದೆ. ಇದನ್ನು ಕಲ್ಪನೆಯ ಸೊಗಸು ಎಂದು ಮೆಚ್ಚಿ ಮುಂದೆ ಹೋಗಬೇಡಿ. ಸಾಕ್ಷಿ ಹೇಳಲು ಮನುಷ್ಯರು ಸಿಗದ ನಾಡಿನ ಕಥೆ ಅದು.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರದ್ದು. ಈ ಹೆಸರನ್ನು ವಿವರಿಸುವ ಅಗತ್ಯವೇ ನಮಗಿಲ್ಲ. ಸ್ಕಾಲರ್‌ಶಿಪ್ ಫಾರಂ ತುಂಬಲು ನಿಂತಾಗ ಹಿಂದಿನಿಂದ ಬಂದ ಆ ಮಾತು ನಮ್ಮಲ್ಲಿ ಯಾರು ಕೇಳಿಲ್ಲ? ಬೈಗುಳವನ್ನೇ ಎತ್ತಿ ಪುಸ್ತಕದ ರಟ್ಟಿನ ಮೇಲೆ ಅಚ್ಚು ಹಾಕಿಸಿದ್ದು ನಮಗೆ ಬಹಳ ಹಿಡಿಸಿತು. ಬೈದವನು ಇನ್ನು ಮೇಲೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಆ ಮಾತನ್ನು ಕೊಳ್ಳಲಿ.

ನಮ್ಮ ಕಡೆಗೂ ಮೊರ

ಬರೀ ಬೇರೆಯವರ ಕಾಳನ್ನು ಕೇರಿ ಕೂತರೆ ಸಾಲದು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದು ಕನ್ನಡ ಪದ್ಯದ ದಾರಿಯನ್ನೇ ತಿರುಗಿಸಿತು. ಕವಿ 2021ರ ಜೂನಿನಲ್ಲಿ ತೀರಿಕೊಂಡರು. ಅವರ ಹಾಡನ್ನು ನಾವು ಸಭೆಯಲ್ಲಿ ತಮಟೆ ಬಡಿದು ಹಾಡುತ್ತೇವೆ. ಆದರೆ ಹಾಡುವವರಲ್ಲಿ ಎಷ್ಟು ಜನ ಪುಸ್ತಕ ತೆಗೆದು ಪೂರ್ತಿ ಓದಿದ್ದಾರೆ? ಎದೆ ಮುಟ್ಟಿಕೊಂಡು ಹೇಳಿ.

ಅದರ ದೆಸೆಯಿಂದಲೇ ಇರಬೇಕು, ನಮ್ಮ ಹುಡುಗರು ಬರೆಯುವ ಪದ್ಯಗಳಲ್ಲಿ ನಾಲ್ಕೇ ಪದ: ಕಿಡಿ, ಬೆಂಕಿ, ರಕ್ತ, ಖಡ್ಗ. ಹಾಸ್ಟೆಲಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಸಾರಿನಲ್ಲಿ ಬೇಳೆ ಹುಡುಕಬೇಕು. ರಜೆಗೆ ಊರಿಗೆ ಹೋದರೆ ಜೊತೆಯಲ್ಲಿ ಓದಿದವನೇ ಹೋಟೆಲಿನಲ್ಲಿ ಬೇರೆ ಲೋಟ ತೋರಿಸುತ್ತಾನೆ. ಇದರ ಮೇಲೆ ಒಂದು ಪದ್ಯ ಇಲ್ಲ! ಖಡ್ಗವನ್ನು ಕಣ್ಣಲ್ಲಿ ಕಾಣದವರು ಖಡ್ಗದ ಮೇಲೆ ಬರೆಯುವುದು ಬಿಟ್ಟು ಆ ಲೋಟದ ಮೇಲೆ ಬರೆಯಿರಿ. ಓದುವವನ ಎದೆಗೆ ಅದೇ ಹೆಚ್ಚು ನಾಟುತ್ತದೆ.

ಹೆಣ್ಣುಮಕ್ಕಳ ಮಾತು ಅದಕ್ಕಿಂತ ದೊಡ್ಡದು. ನಮ್ಮ ಪದ್ಯಗಳಲ್ಲಿ ಅವ್ವ ಇದ್ದಾಳೆ, ದುಡಿಯುತ್ತಾಳೆ, ಅಳುತ್ತಾಳೆ. ಅವ್ವ ಬರೆದದ್ದು ಎಲ್ಲಿ? ಮಹಾರಾಷ್ಟ್ರದ ಬೇಬಿ ಕಾಂಬಳೆ ಫಲಟಣದಲ್ಲಿ ಒಂದು ಸಣ್ಣ ಅಂಗಡಿ ನಡೆಸುತ್ತಿದ್ದರು. ಸಾಮಾನು ಕಟ್ಟುವ ಹಳೆ ಪೇಪರನ್ನೇ ಓದಿಕೊಂಡು, ಮನೆಯವರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡು ತಮ್ಮ ಜನರ ಕಥೆ ಬರೆದರು. 'ಜಿಣಂ ಆಮುಚಂ' ಪುಸ್ತಕವಾದದ್ದು 1986ರಲ್ಲಿ. ಊರಿನವರು ಕೇರಿಗೆ ಮಾಡಿದ್ದನ್ನು ಬರೆದ ಅದೇ ಪೆನ್ನಿನಲ್ಲಿ ಕೇರಿಯ ಗಂಡಸರು ಹೆಂಡಿರಿಗೆ ಮಾಡಿದ್ದನ್ನೂ ಅವರು ಬರೆದರು. ನಮ್ಮ ಗಂಡು ಗೆಳೆಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. "ಮನೆ ಮಾತು ಹೊರಗೆ ಯಾಕೆ?" ಅಂದರು. ಗೆಳೆಯರೇ, ಊರಿನ ಮಾತನ್ನು ಹೊರಗೆ ಹೇಳಬೇಡಿ ಎಂದು ಗೌಡ ಅಂದಾಗ ನಾವು ಒಪ್ಪಿದೆವೇ? ಮನೆಗೊಂದು ನ್ಯಾಯ, ಊರಿಗೊಂದು ನ್ಯಾಯ ಆಗುವುದಿಲ್ಲ.

ಆಡದೆ ಉಳಿದ ಭಾಷಣ

ಕೊನೆಗೆ ಓದಿದ್ದು ಬಾಬಾಸಾಹೇಬರ 'ಜಾತಿ ವಿನಾಶ'. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅಧ್ಯಕ್ಷತೆಗೆ ಕರೆಯಿತು. ಭಾಷಣವನ್ನು ಮೊದಲೇ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಜಾತಿ ಮುರಿಯುತ್ತೇವೆ ಎಂದು ಹೆಸರಿಟ್ಟುಕೊಂಡವರೇ! ಬಾಬಾಸಾಹೇಬರು 1936ರಲ್ಲಿ ತಾವೇ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಖರ್ಚಾಯಿತು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಟೀಕೆ ಬರೆದರು. ಮುಂದಿನ ವರ್ಷದ ಎರಡನೇ ಮುದ್ರಣದಲ್ಲಿ ಬಾಬಾಸಾಹೇಬರು ಗಾಂಧಿಯ ಟೀಕೆಯನ್ನೂ ಅದಕ್ಕೆ ತಮ್ಮ ಉತ್ತರವನ್ನೂ ಸೇರಿಸಿಯೇ ಅಚ್ಚು ಹಾಕಿಸಿದರು.

ನಮಗೆ ಬಹಳ ಹಿಡಿಸಿದ್ದು ಇದು. ಎದುರಾಳಿಯ ಮಾತನ್ನು ಮುಚ್ಚಿಡಲಿಲ್ಲ. ತಮ್ಮ ಪುಸ್ತಕದಲ್ಲೇ ಅದಕ್ಕೆ ಜಾಗ ಕೊಟ್ಟು, ಪಕ್ಕದಲ್ಲಿ ಉತ್ತರ ಇಟ್ಟು, ಓದುವವನೇ ತೀರ್ಮಾನ ಮಾಡಲಿ ಎಂದು ಬಿಟ್ಟರು. ಶಾಸ್ತ್ರಗಳನ್ನು ಸಾಲುಸಾಲಾಗಿ ಓದಿಯೇ ಅವರು ಶಾಸ್ತ್ರದ ಪ್ರಮಾಣವನ್ನು ಮುರಿದರು. ಓದು ಎಂದರೆ ಏನು ಎಂಬುದಕ್ಕೆ ನಮಗೆ ಬೇರೆ ಗುರು ಬೇಡ.

ಆದ್ದರಿಂದ ಗೆಳೆಯರೇ, ಮಾಡಬೇಕಾದ ಕೆಲಸ ಇದೆ. ಹಾಸ್ಟೆಲಿಗೊಂದು ಓದುವ ಗುಂಪು ಕಟ್ಟಿ. ಪುಸ್ತಕ ಇಲ್ಲವೆಂದರೆ ವಾರ್ಡನ್ನರಿಗೆ ಅರ್ಜಿ ಕೊಡಿ, ಕಪಾಟಿಗೆ ಬೀಗ ಹಾಕಿದ್ದರೆ ಬೀಗ ತೆಗೆಸಿ. ಮೊಬೈಲಿನಲ್ಲಿ ಬರುವ ಎರಡು ಸಾಲಿನ ಅಂಬೇಡ್ಕರ್ ಸಾಲದು, ಇಡೀ ಪುಸ್ತಕ ಓದಿ. ಕಾರಂತರನ್ನೂ ಓದಿ, ಅನಂತಮೂರ್ತಿಯವರನ್ನೂ ಓದಿ, ನಮ್ಮವರನ್ನೂ ಓದಿ. ಯಾವ ಪುಸ್ತಕವೇ ಇರಲಿ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಉಣ್ಣುವವರು ಯಾರು? ಮಾತಾಡುವವರು ಯಾರು? ಕೊನೆಯ ಪುಟದಲ್ಲಿ ಬದುಕಿ ಉಳಿಯುವವರು ಯಾರು? ಉತ್ತರವನ್ನು ಪೆನ್ಸಿಲಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪರೀಕ್ಷೆಯಲ್ಲೂ ಬರೆಯಿರಿ. ಎರಡು ಅಂಕ ಹೋದರೆ ಹೋಗ್ಲಿ. ಪೇಪರು ತಿದ್ದುವ ಒಬ್ಬ ಮೇಷ್ಟ್ರಾದರೂ ಕೆಂಪು ಪೆನ್ನು ಎತ್ತಿ ಹಿಡಿದು ಒಂದು ಗಳಿಗೆ ಯೋಚನೆ ಮಾಡಲಿ.

ನೀವು ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ. ಕಾಗುಣಿತ ತಪ್ಪಿದ್ದರೆ ಚಿಂತೆಯಿಲ್ಲ, ಅದನ್ನು ನಾವು ತಿದ್ದಿಕೊಳ್ಳುತ್ತೇವೆ. ಗುರುವನ ಕಥೆ, ಬೆಳ್ಳಿಯ ಮಾತು, ಆ ಬೇರೆ ಲೋಟದ ಪದ್ಯ ಮುಂದಿನ ಸಂಚಿಕೆಗೆ ಬೇಕು.

ಜೈಭೀಮ್.